ಪ್ರೇಕ್ಷಾನ ಪಪ್ಪನಿಗೊಂದು ಶಾಲು

ಭಾನುವಾರ ಬೆಳಗ್ಗೆ ಏಳು ಗಂಟೆಗೆ ಖಾರಘರದ ಮೈದಾನದ ಬದಿಯಲ್ಲಿ ನಿಂತು ಲೀಲಾಧರ ಫೋನಿನಲ್ಲಿ ಜಗಳಕ್ಕೆ ಬಿದ್ದ. ಆ ಕಡೆ ಠಾಣೆ ನಗರದ ನೌಪಾಡಾದಿಂದ ಮಾತಾಡುತ್ತಿದ್ದವರು ಹೊರನಾಡ ಕನ್ನಡ ಸಂಘದ ಅಧ್ಯಕ್ಷ ಕಿಟ್ಟಣ್ಣ. ಸಂಘದ ಮಕ್ಕಳ ಹಾಕಿ ತಂಡಕ್ಕೆ ಲೀಲಾಧರ ಕಾರ್ಯದರ್ಶಿ, ಮಗ ರಿತೇಶ್ ಅದರಲ್ಲೇ ಆಟಗಾರ. ಸಂಜೆ ತಂಡದ ವಾರ್ಷಿಕೋತ್ಸವ.

"ಸನ್ಮಾನ ಈ ಸಲವೂ ನಮ್ಮ ದೊಡ್ಡ ಭಾವನಿಗೆ," ಎಂದರು ಕಿಟ್ಟಣ್ಣ.

"ನಾಲ್ಕು ವರ್ಷದಿಂದ ಅವರಿಗೇ ಶಾಲು ಹಾಕ್ತಾ ಇದ್ದೇವಲ್ಲ! ಅವರು ಒಂದು ದಿನ ಆದ್ರೂ ಹಾಕಿ ಸ್ಟಿಕ್ಕು ಮುಟ್ಟಿದ್ದುಂಟಾ?"

"ಶಾಲು ಅವ್ರಿಗೆ ಒಪ್ತದೆ ಮಾರಾಯ."

ಇದೂ ಒಂದು ಕಾರಣವೇ! ಲೀಲಾಧರ ಸಾಮಾನ್ಯವಾಗಿ ಎದುರು ಮಾತಾಡುವ ಪೈಕಿಯವನಲ್ಲ. ಮಹಾಪೆಯ ಆಫೀಸಿನಲ್ಲಿ ಎಸಿ ಜಾಸ್ತಿಯಾಯಿತೆಂದು ಹೇಳಲು ಧೈರ್ಯವಿಲ್ಲದೆ ಹದಿನಾಲ್ಕು ವರ್ಷ ಸ್ವೆಟರ್ ಹಾಕಿಕೊಂಡು ಕೂತ ಮನುಷ್ಯ. ಆದರೆ ಅದೇ ಹೊತ್ತಿಗೆ ಅವನೆದುರಿನಿಂದ ಪ್ರೇಕ್ಷಾನ ಪಪ್ಪ ಹಾದುಹೋದರು. ಎರಡು ಕೈಯಲ್ಲಿ ಎರಡು ನೀರಿನ ಕ್ಯಾನು, ಕತ್ತಿನಲ್ಲಿ ಗೋಲ್‌ಕೀಪರನ ಒದ್ದೆ ಪ್ಯಾಡು. ಆರು ವರ್ಷದಿಂದ ಒಂದು ಭಾನುವಾರವೂ ತಪ್ಪಿಸದೆ ಸ್ಕೂಟರಿನಲ್ಲಿ ಪ್ರೇಕ್ಷಾಳನ್ನು ಕೂರಿಸಿಕೊಂಡು ಬರುತ್ತಾರೆ. ನೀರು ಹೊರುತ್ತಾರೆ, ಮಂಡಿ ಒಡೆದವರಿಗೆ ಪಟ್ಟಿ ಕಟ್ಟುತ್ತಾರೆ, ಸೋತು ಅಳುವವರ ಮೂಗು ಒರೆಸುತ್ತಾರೆ. ಗ್ರೂಪ್ ಫೋಟೋಕ್ಕೆ ಕರೆದರೆ ಮಾತ್ರ ಗೋಲಿನ ಬಲೆಯ ಹಿಂದೆ ಅಡಗುತ್ತಾರೆ.

ಲೀಲಾಧರನಿಗೆ ಮೈ ಉರಿಯಿತು. "ಆಗುದಿಲ್ಲ ಕಿಟ್ಟಣ್ಣ! ಈ ಸಲ ಶಾಲು ನೀರು ಹೊತ್ತವರಿಗೆ. ಇಲ್ಲದಿದ್ರೆ ನನ್ನ ರಾಜೀನಾಮೆ ತಗೊಳ್ಳಿ!"

ಕಿಟ್ಟಣ್ಣ ದಾರಿಗೆ ಬಂದರು. "ಆಯ್ತು. ಹೆಸರೆಂತ ಅವರದ್ದು?"

ಲೀಲಾಧರ ಬಾಯಿ ತೆರೆದ. ಹೆಸರು ಬರಲಿಲ್ಲ. ಗೊತ್ತಿದ್ದರೆ ತಾನೇ ಬರುವುದು!

"ಹತ್ತು ಗಂಟೆಯೊಳಗೆ ಕಳಿಸು, ಸನ್ಮಾನ ಪತ್ರ ಬರೆಸ್ಬೇಕು. ಬರ್ಲಿಲ್ಲಾಂದ್ರೆ ದೊಡ್ಡ ಭಾವ," ಎಂದು ಕಿಟ್ಟಣ್ಣ ಫೋನ್ ಇಟ್ಟರು.

ಆರು ವರ್ಷ ಅವರ ಕೈಯಿಂದ ನೀರು ಕುಡಿದು ಈಗ ಹೋಗಿ "ನಿಮ್ಮ ಹೆಸರೇನು?" ಎಂದು ಕೇಳುವುದಾದರೂ ಹೇಗೆ? ಕೇಳಿದರೆ ನಾಚಿಕೆ. ಶಾಲಿನ ಸುದ್ದಿ ಗೊತ್ತಾದರೆ ಆಸಾಮಿ ಸಂಜೆ ಸಭೆಗೇ ಬರಲಿಕ್ಕಿಲ್ಲ. ಫೋನಿನಲ್ಲಿ ನೋಡಿದರೆ 'ಪ್ರೇಕ್ಷಾ ಪಪ್ಪ ಹಾಕಿ' ಎಂದಷ್ಟೇ ಇತ್ತು. ಮಗನನ್ನು ಕರೆದು ಕೇಳಿದ.

"ಅಂಕಲ್ ಕಾ ನಾಮ್?" ರಿತೇಶ್ ಅಪ್ಪನನ್ನು ಕನಿಕರದಿಂದ ನೋಡಿದ. "ಅಂಕಲ್!"

ಕೋಚ್ ರೇವಣಸಿದ್ದ ವಿಜಯಪುರದ ಕಡೆಯವರು. "ನಾ ಅವ್ರಿಗೆ ಯಜಮಾನ್ರ ಅಂತೀನ್ರಿ," ಎಂದರು. "ಈಗ ಹೆಸ್ರು ಕೇಳಿ, ಅವ್ರು ಸಿಟ್ಟಾಗಿ ನೀರು ತರೂದು ಬಿಟ್ರ ಯಾರು ಹೊರಾವ್ರು? ನೀವೇನು?" ಆಮೇಲೆ ದನಿ ಇಳಿಸಿ, "ಹುಡುಗಿ ಫಾರ್ಮಿನ್ಯಾಗ ತಂದಿ ಹೆಸ್ರು ಇರತೈತಲ್ರಿ. ಫೈಲು ಯಜಮಾನ್ರ ಸ್ಕೂಟರ್ ಡಿಕ್ಕ್ಯಾಗೈತಿ, ನೋಡ್ರಿ," ಎಂದರು.

ಲೀಲಾಧರ ಸ್ಕೂಟರಿನ ಸೀಟು ಎತ್ತಿ ಒಳಗೆ ಕೈ ಹಾಕಿದ.

"ಎಂತ ಬೇಕಿತ್ತು?" ಹಿಂದಿನಿಂದ ಸ್ವರ ಬಂತು. ಪ್ರೇಕ್ಷಾನ ಪಪ್ಪ!

"ಅದು... ಪಟ್ಟಿ! ಬೆರಳಿಗೆ ಸ್ವಲ್ಪ ಪೆಟ್ಟು..."

"ಅಯ್ಯೋ ದೇವರೇ, ಮೊದ್ಲೇ ಹೇಳುದಲ್ವಾ!" ಅವರು ಗಡಿಬಿಡಿಯಿಂದ ಲೀಲಾಧರನನ್ನು ಬೆಂಚಿನ ಮೇಲೆ ಕೂರಿಸಿ, ಏನೂ ಆಗದ ಬೆರಳಿಗೆ ಔಷಧಿ ಹಚ್ಚಿ, ಮೊಣಕೈವರೆಗೂ ಪಟ್ಟಿ ಸುತ್ತಿದರು. "ನೆನೆಸ್ಬೇಡಿ ಆಯ್ತಾ," ಎಂದು ತಲೆ ಸವರಿ ಹೋದರು. ಇಂಥವರಿಗಲ್ಲದೆ ಇನ್ಯಾರಿಗೆ ಶಾಲು! ಲೀಲಾಧರ ಮತ್ತೆ ಸ್ಕೂಟರಿನ ಹತ್ತಿರ ಹೋಗಿ ಎಡಗೈಯಲ್ಲೇ ಫೈಲು ಎಳೆದು ಪುಟ ಮಗುಚಿದ. ಪ್ರೇಕ್ಷಾ, ತಂದೆ: ವಿಠಲ ಕೋಟ್ಯಾನ್.

ಹೆಸರು ಕಳಿಸಿದ ಕೂಡಲೇ ಕಿಟ್ಟಣ್ಣನ ಫೋನು ಬಂತು.

"ವಿಠಲ ಕೋಟ್ಯಾನನಿಗಾ? ಖಾರಘರದ ವಿಠಲನಿಗಾ?"

"ಹೌದು! ಎಂತ, ತೊಂದ್ರೆ ಉಂಟಾ?" ಲೀಲಾಧರ ಸೆಟೆದು ನಿಂತ.

"ಛೇ ಛೇ, ಎಂತ ತೊಂದ್ರೆ! ಧಾರಾಳ ಹಾಕುವ. ಹಾರವೂ ದೊಡ್ಡದೇ ತರಿಸ್ತೇನೆ."

ಅಧ್ಯಕ್ಷರು ಹೆದರಿದರು ಎಂದು ಲೀಲಾಧರನಿಗೆ ಹಿಗ್ಗೋ ಹಿಗ್ಗು.

ಸಂಜೆ ಸಭಾಭವನ ತುಂಬಿತ್ತು. ಪ್ರೇಕ್ಷಾನ ಪಪ್ಪ ಹಿಂದಿನ ಬಾಗಿಲ ಹತ್ತಿರ ನಿಂತು ಮಕ್ಕಳಿಗೆ ನೀರು ಕೊಡುತ್ತಿದ್ದರು. ಲೀಲಾಧರ ಪಟ್ಟಿ ಸುತ್ತಿದ ಕೈಯಲ್ಲೇ ಮೈಕು ಹಿಡಿದು, ದೊಡ್ಡ ಭಾವನನ್ನು ದುರುಗುಟ್ಟಿ ನೋಡುತ್ತಾ ಸನ್ಮಾನ ಪತ್ರ ಓದಿದ. "ಬೆಳಕು ಹರಿಯುವ ಮೊದಲೇ ಮೈದಾನ ಸೇರುವ, ನಮ್ಮ ಮಕ್ಕಳೆಲ್ಲರ ದಾಹ ತಣಿಸಿದ ಶ್ರೀ ವಿಠಲ ಕೋಟ್ಯಾನ್ ವೇದಿಕೆಗೆ ಬರಬೇಕು!"

ಹಿಂದಿನ ಬಾಗಿಲಲ್ಲಿ ಯಾರೂ ಕದಲಲಿಲ್ಲ. ಎದ್ದದ್ದು ಮುಂದಿನ ಸಾಲಿನಲ್ಲಿ, ದೊಡ್ಡ ಭಾವನ ಪಕ್ಕ ಕೂತಿದ್ದ ಒಬ್ಬ ದಪ್ಪ ಮನುಷ್ಯ. ಭಾನುವಾರ ಹತ್ತರ ಮೊದಲು ಹಾಸಿಗೆ ಬಿಟ್ಟ ಮುಖವೇ ಅಲ್ಲ ಅದು. ಆತ ಕಣ್ಣೊರೆಸಿಕೊಳ್ಳುತ್ತಾ ಬಂದು ಕುರ್ಚಿಯಲ್ಲಿ ಕೂತ. ಓದಿದ್ದನ್ನೆಲ್ಲ ತಾನೇ ಮಾಡಿದ್ದೆಂದು ಅವನಿಗೇ ನಂಬಿಕೆ ಬಂದಂತಿತ್ತು.

"ನಮ್ಮ ಸಣ್ಣ ಭಾವ!" ಎನ್ನುತ್ತಾ ಕಿಟ್ಟಣ್ಣ ಶಾಲು ಹೊದಿಸಿ ತಬ್ಬಿಕೊಂಡರು. ಕೆಳಗಿನಿಂದ ಪ್ರೇಕ್ಷಾ "ಪಪ್ಪಾ!" ಎಂದು ಕೈಬೀಸಿದಳು.

"ನಿಲ್ಲಿ!" ಲೀಲಾಧರ ಮೈಕಿನಲ್ಲಿ ಕಿರುಚಿದ. "ಈ ಶಾಲು ಇವ್ರದ್ದಲ್ಲ!"

"ಮತ್ತೆ ಯಾರದ್ದು? ಹೆಸರು ಹೇಳು," ಎಂದರು ಕಿಟ್ಟಣ್ಣ.

ಮತ್ತೆ ಅದೇ ಹೆಸರು! ಲೀಲಾಧರ ಮೈಕು ಹಿಡಿದುಕೊಂಡೇ ವೇದಿಕೆಯಿಂದ ಹಾರಿ, ಕುರ್ಚಿಗಳ ನಡುವೆ ನುಗ್ಗಿ ಹಿಂದಿನ ಬಾಗಿಲಿಗೆ ಬಂದ. "ನೀವು ಪ್ರೇಕ್ಷಾನ ಪಪ್ಪ ಅಲ್ವಾ?"

"ಅವಳು ನಮ್ಮ ಬಿಲ್ಡಿಂಗಿನ ಮಗು ಮಾರಾಯ್ರೆ. ಅವಳ ಪಪ್ಪ ಏಳುದು ಲೇಟಲ್ವಾ, ಹಾಗೆ ನಾನೇ ಕರ್ಕೊಂಡು ಬರುದು. ಮೊದ್ಲು ನನ್ನ ಮಗಳು ಅನುಷ್ಕಾನೂ ಒಟ್ಟಿಗೆ ಬರ್ತಿದ್ಲು, ಅವಳು ಹಾಕಿ ಬಿಟ್ಟು ಮೂರು ವರ್ಷ ಆಯ್ತು. ನನಗೆ ಬಿಡ್ಲಿಕ್ಕೆ ಆಗ್ಲಿಲ್ಲ."

"ಹಾಗಾದ್ರೆ ನಿಮ್ಮ ಹೆಸರು ಹೇಳಿ! ಎಲ್ಲರೆದುರು ಹೇಳಿ!"

ಸಭೆಯೆಲ್ಲ ಹಿಂದೆ ತಿರುಗಿತು. ಅವರು ಮೈಕನ್ನು ನೋಡಿದರು, ವೇದಿಕೆಯನ್ನು ನೋಡಿದರು.

"ಹೇಳುದಿಲ್ಲ," ಎಂದರು. "ಹೇಳಿದ್ರೆ ಶಾಲು ಹಾಕ್ತೀರಿ. ನೀವು ಶಾಲು ಹಾಕಿದವ್ರು ಯಾರೂ ಗ್ರೌಂಡಿಗೆ ಬಂದದ್ದು ನಾನು ನೋಡ್ಲಿಲ್ಲ. ನನಗೆ ಬರುವ ಭಾನುವಾರ ಬರ್ಲಿಕ್ಕುಂಟು."

ಮಕ್ಕಳೆಲ್ಲ ಕುರ್ಚಿ ಹತ್ತಿ "ಅಂಕಲ್! ಅಂಕಲ್!" ಎಂದು ಕೂಗಿದರು. ಸಣ್ಣ ಭಾವ ಅದು ತನಗೇ ಎಂದುಕೊಂಡು ಕೈಮುಗಿದ. ಲೀಲಾಧರ ಅಲ್ಲೇ, ಶಾಲೂ ಇಲ್ಲದೆ ಹೆಸರೂ ಸಿಗದೆ ಪೆಚ್ಚಾಗಿ ನಿಂತ. ಅವಮಾನವಾಯಿತು, ಆದರೂ ಒಳಗೊಳಗೇ ಖುಷಿಯೂ ಆಯಿತು.

ಆ ಮಹಾನುಭಾವರು ಅವನ ಪಟ್ಟಿ ಕಟ್ಟಿದ ಕೈಯನ್ನು ನೋಡಿ, ಇನ್ನೊಂದು ಕೈಗೆ ತುಂಬಿದ ಕ್ಯಾನಿನ ಹಿಡಿ ಕೊಟ್ಟರು. "ಆ ಕಡೆ ಹಿಡೀರಿ ಕಶ್ಯಪನ ಪಪ್ಪ, ಮಕ್ಳಿಗೆ ಬಾಯಾರಿದೆ."

ನನ್ನ ಮಗ ರಿತೇಶ್ ಎನ್ನಲು ಲೀಲಾಧರ ಬಾಯಿ ತೆರೆದ. ಯಾವ ಮುಖ ಇಟ್ಟುಕೊಂಡು ಹೇಳುವುದು ಎನಿಸಿ, ಬಾಯಿ ಮುಚ್ಚಿಕೊಂಡು ಕ್ಯಾನು ಎತ್ತಿದ.