ಅಲಬಾಮಾದ ಮಹನೀಯರು

ಒರಿನ್ ಪೀಸ್ಲಿ ಆ ಮಧ್ಯಾಹ್ನ ತನ್ನ ಬಾಗಿಲಿನ ಹತ್ತಿರವೇ ನಿಂತಿದ್ದ. ಎಲ್ಲ ಫಜೀತಿಗೂ ಅದೇ ಕಾರಣ. ವಾಷಿಂಗ್ಟನ್ನಿನ ಪ್ರತಿನಿಧಿ ಸದನದ ಉಳಿದ ಬಾಗಿಲು ಕಾಯುವವರೆಲ್ಲ ಅನುಭವಸ್ಥರು. ಒಳಗಿನ ಗದ್ದಲ ಏರುತ್ತಿದ್ದಂತೆ ಒಬ್ಬನಿಗೆ ಬಾಯಾರಿಕೆಯಾಯಿತು, ಒಬ್ಬನಿಗೆ ಹೊಟ್ಟೆ ನುಲಿಯಿತು, ಇನ್ನೊಬ್ಬನಿಗೆ ಅಜ್ಜಿಯ ತಿಥಿ ನೆನಪಾಯಿತು. ಕೆಲಸದ ಹೊತ್ತಿನಲ್ಲಿ ಕೆಲಸದ ಜಾಗದಲ್ಲಿ ಸಿಕ್ಕಿಬಿದ್ದವನು ಒರಿನ್ ಒಬ್ಬನೇ.

"ಏಯ್, ನೀನು! ಬಾ ಇಲ್ಲಿ!" ಎಂದು ಮಾರ್ಷಲ್ ಗ್ರಿಮ್ಶಾ ಕೂಗಿದ. ಸದನದ ಶಿಸ್ತು ಕಾಯುವ ಅಧಿಕಾರಿ ಅವನು. ಜುಲೈ ಸೆಕೆಗೆ ಅವನ ಮುಖ ಬೇಯಿಸಿದ ಏಡಿಯ ಬಣ್ಣಕ್ಕೆ ತಿರುಗಿತ್ತು. "ಒಂದು ಮತ ಕಮ್ಮಿ ಇದೆ ಕಣಯ್ಯಾ. ಒಂದೇ ಒಂದು!"

ಉತ್ತರಕ್ಕೂ ದಕ್ಷಿಣಕ್ಕೂ ನಡೆದ ಯುದ್ಧ ಮುಗಿದು ಮೂರು ವರ್ಷವಾಗಿತ್ತು. ಮುನಿಸಿಕೊಂಡು ತವರಿಗೆ ಹೋಗಿದ್ದ ಸೊಸೆಯರ ಹಾಗೆ ದಕ್ಷಿಣದ ರಾಜ್ಯಗಳು ಒಂದೊಂದಾಗಿ ವಾಷಿಂಗ್ಟನ್ನಿಗೆ ಮರಳುತ್ತಿದ್ದವು. ಸದನದ ತುಂಬ ರಿಪಬ್ಲಿಕನ್ನರು. ಡೆಮಾಕ್ರಟರು ಒಂದು ಮೂಲೆಯಲ್ಲಿ, ಊಟಕ್ಕೆ ಕರೆಯದಿದ್ದರೂ ಬಂದು ಕೂತ ನೆಂಟರಂತೆ, ಎಲ್ಲದಕ್ಕೂ ಕೊಂಕು ತೆಗೆಯುತ್ತ ಕೂತಿದ್ದರು. ದೇಶದ ಅಧ್ಯಕ್ಷರಂತೂ ಸದನ ಕಳಿಸಿದ ಪ್ರತಿ ಮಸೂದೆಯನ್ನೂ ಸಹಿ ಹಾಕದೆ ಹಿಂದಕ್ಕೆ ಕಳಿಸುತ್ತಿದ್ದರು. ಹಾಗೆ ಬಂದದ್ದಕ್ಕೆ ಸದನದ ಮೂರನೇ ಎರಡು ಪಾಲು ಮಂದಿ 'ಹೌದು' ಎಂದರೆ ಅಧ್ಯಕ್ಷರ ತಲೆಯ ಮೇಲಿಂದ ಹಾರಿ ಅದು ಕಾನೂನಾಗುತ್ತಿತ್ತು. ಕಾಗದದ ಮೇಲೆ ರಿಪಬ್ಲಿಕನ್ನರಿಗೆ ಅಷ್ಟು ಜನ ಧಾರಾಳವಾಗಿ ಇದ್ದರು. ಆದರೆ ಆ ಸೆಕೆಯಲ್ಲಿ ಬಹುಮತದ ಒಂದು ದೊಡ್ಡ ತುಂಡು ಸಮುದ್ರತೀರಕ್ಕೆ ಹೋಗಿ ಕಾಲು ನೆನೆಸುತ್ತಿತ್ತು.

ಅಂದಿನ ಮಸೂದೆ, ಗುಲಾಮಗಿರಿಯಿಂದ ಬಿಡುಗಡೆಯಾದವರ ಮಕ್ಕಳ ಶಾಲೆಗಳದ್ದು. ಅಧಿವೇಶನದ ಕೊನೆಯ ದಿನ. ಸದನದ ಬಾಗಿಲು ಮುಚ್ಚಿ, ತಪ್ಪಿಸಿಕೊಂಡ ಸದಸ್ಯರನ್ನು ಬಂಧಿಸಿ ತರಲು ಅಪ್ಪಣೆಯಾಗಿತ್ತು. ಅದು ಅಲ್ಲಿನ ಪದ್ಧತಿ. ಗೈರುಹಾಜರಾದವನನ್ನು ಎಲ್ಲಿದ್ದರೂ ಹಿಡಿದು ತರುವುದು, ಎಲ್ಲರೆದುರು ನಿಲ್ಲಿಸಿ ದಂಡ ಹಾಕುವುದು, ಆಮೇಲೆ ಕೂರಿಸಿ ಮತ ಹಾಕಿಸುವುದು.

"ಅಲಬಾಮಾದ ಮಹನೀಯರನ್ನ ಹಿಡ್ಕೊಂಡು ಬಾ" ಎಂದ ಗ್ರಿಮ್ಶಾ. "ಅವರೂ ಬಂದ್ಬಿಟ್ರೆ ಲೆಕ್ಕ ಸರಿಹೋಗತ್ತೆ."

"ಹೆಸರು ಏನು ಸಾರ್?"

"ಹೋದ ವಾರ ಬಂದ ಮನುಷ್ಯ, ಹೆಸರು ಯಾವನಿಗೆ ಗೊತ್ತು? ಒಳಗೆ ಯಾರು ಯಾರನ್ನ ಹೆಸರು ಹಿಡಿದು ಕರೀತಾರೆ? ಓಹಿಯೋದ ಮಹನೀಯರು, ಮೇಯ್ನ್‌ನ ಮಹನೀಯರು, ಅಷ್ಟೇ. ಅಲಬಾಮಾದ ಉಳಿದವರೆಲ್ಲ ಕೂತಿದ್ದಾರೆ, ಇವನೊಬ್ಬ ಇಲ್ಲ. ಕರ್ಕೊಂಡು ಬಂದ್ಯೋ, ನಾಳೆಯಿಂದ ನಿನ್ನ ಕೆಲಸ ಕಾಯಂ. ಇಲ್ವೋ, ಟೋಪಿ ತಗೊಂಡು ಮನೆಗೆ ನಡಿ."

ಒರಿನ್‌ನದು ತಾತ್ಕಾಲಿಕ ಕೆಲಸ. ಮನೆಯಲ್ಲಿ ಹೆಂಡತಿ ಲವೀನಾ ಚೊಚ್ಚಲ ಬಸುರಿ, ಕಾಲು ಬಾವು ಬಂದು ಮೆಟ್ಟಿಲು ಹತ್ತಲಾರಳು. ಕೆಲಸ ಕಾಯಂ ಆದರೆ ನೆಲಮಹಡಿಯ ಕೋಣೆ ಹಿಡಿಯೋಣ ಎಂದು ಇಬ್ಬರೂ ದಿನವೂ ಮಾತಾಡಿಕೊಳ್ಳುತ್ತಿದ್ದರು. ಬೆಳಿಗ್ಗೆ ಕೂಡ ಅವಳು ಕೋಟಿನ ಗುಂಡಿ ಹಾಕುತ್ತ, "ಯಾರಿಗೂ ಎದುರಾಡಬೇಡಿ, ಹೇಳಿದ್ದು ಮಾಡ್ಕೊಂಡು ಬನ್ನಿ, ಸಾಕು" ಎಂದಿದ್ದಳು. ಹೇಳಿದ್ದನ್ನು ಮಾಡಲು ಒರಿನ್ ಮೆಟ್ಟಿಲಿಳಿದು ಓಡಿದ.

ಹೊರಗೆ ಎರಾಸ್ಮಸ್ ಟಾಲಿವರ್‌ನ ಕುದುರೆಗಾಡಿ ನಿಂತಿತ್ತು. ಟಾಲಿವರ್ ಕಪ್ಪು ಮನುಷ್ಯ, ಗಟ್ಟಿ ದನಿಯವನು. ಹೋದ ವರ್ಷ ಮೊದಲ ಸಲ ಮತ ಹಾಕಿದ ದಿನದಿಂದ ಅವನು ಸದನದ ಬಗ್ಗೆ ಮನೆಯಳಿಯನ ಬಗ್ಗೆ ಮಾತಾಡುವಂತೆ ಮಾತಾಡುತ್ತಿದ್ದ.

"ಶಾಲೆ ಮಸೂದೆಗೆ ಜನ ಸಾಲದೆ ಬಂತಾ ಸ್ವಾಮಿ?" ಎಂದ. "ನನ್ನ ಹುಡುಗೀರು ಇಬ್ರೂ ಅಂಥ ಶಾಲೆಗೇ ಹೋಗೋದು. ಹತ್ತಿ ಮೇಲೆ. ಹಾರಿಸ್ಕೊಂಡು ಹೋಗ್ತೀನಿ."

ಹಾರಿಸಿದ್ದೇನೋ ನಿಜ. ದೊಡ್ಡ ಹೋಟೆಲಿನ ಮುಂದೆ ಗಾಡಿ ನಿಂತಾಗ ಒರಿನ್ ಇನ್ನೂ ಹಾರುತ್ತಲೇ ಇದ್ದ. ಮೋರಿಯ ಪಕ್ಕದ ಕೆಸರಿಗೆ ಬಿದ್ದ. ಟೋಪಿ ಇನ್ನೂ ಸ್ವಲ್ಪ ಮುಂದೆ ಹೋಗಿ ಒಂದು ಹಂದಿಯ ಮುಂದೆ ಬಿತ್ತು. ಆ ಊರಿನ ಹಂದಿಗಳಿಗೆ ಸರಕಾರಿ ನೌಕರರ ಮೇಲೆ ಯಾವ ಮರ್ಯಾದೆಯೂ ಇಲ್ಲ. ಅದು ಟೋಪಿಯನ್ನು ಕಚ್ಚಿಕೊಂಡು ಸಂದಿಯೊಳಗೆ ನಡೆದುಹೋಯಿತು.

ಮೊಣಕಾಲಿನಿಂದ ಕೆಸರು ತೊಟ್ಟಿಕ್ಕಿಸುತ್ತ ಒರಿನ್ ಹೋಟೆಲಿನ ಊಟದ ಕೋಣೆಗೆ ಹೋಗಿ, "ಅಲಬಾಮಾದ ಮಹನೀಯರು ಇದ್ದಾರಾ?" ಎಂದು ಕೂಗಿದ. ಅಲ್ಲಿ ಆಮೆಯ ಸಾರು ಕುಡಿಯುತ್ತಿದ್ದ ನಾಲ್ಕೈದು ಮಂದಿ ಸದಸ್ಯರು, ಬಂಧಿಸಲು ಬಂದವನೆಂದು ತಿಳಿದು, ಎದ್ದು ಹಿಂಬಾಗಿಲಿಗೆ ಓಡಿದರು. ಒಬ್ಬರಂತೂ ಕೊರಳಿಗೆ ಕಟ್ಟಿದ ಕರವಸ್ತ್ರದ ಸಮೇತ ಕಿಟಕಿ ಹಾರಿದರು. ಬಡಿಸುವವನು ಒರಿನ್‌ನ ತೋಳು ಹಿಡಿದು, "ಊಟದ ಹೊತ್ತಿನಲ್ಲಿ ಬಂದು ಗಿರಾಕಿಗಳನ್ನ ಓಡಿಸ್ತೀಯಲ್ಲಯ್ಯಾ, ನಿನಗೇನು ಬಂದಿದೆ?" ಎಂದು ಬೈದು, ಹೊರಗೆ ನೂಕುವಾಗ ದಾರಿಯನ್ನೂ ಹೇಳಿದ. "ದಕ್ಷಿಣದಿಂದ ಬಂದವರೆಲ್ಲ ಹ್ಯಾಂಕ್ಸಮ್ಮನ ಮನೇಲಿ ಇಳ್ಕೊಂಡಿದ್ದಾರೆ. ಅಲ್ಲಿ ಹೋಗಿ ಸಾಯಿ!"

ವಿಧವೆ ಫಿಲುರಾ ಹ್ಯಾಂಕ್ಸ್ ಊಟ, ವಸತಿ ಕೊಡುವ ಮನೆ ನಡೆಸುತ್ತಿದ್ದಳು. ಒರಿನ್ ಅಡುಗೆಮನೆಯ ಬಾಗಿಲಲ್ಲಿ ನಿಂತಾಗ ಅವಳು ಹಿಟ್ಟು ನಾದುತ್ತಿದ್ದಳು. ಪಕ್ಕದಲ್ಲಿ ಒಬ್ಬ ಬಡಕಲು ಮನುಷ್ಯ, ಸೊಂಟಕ್ಕೆ ಅವಳ ಏಪ್ರನ್ ಕಟ್ಟಿಕೊಂಡು, ಬಟಾಣಿ ಸುಲಿಯುತ್ತ ಕೂತಿದ್ದ.

"ಕಾಲು ಒರೆಸ್ಕೊಳಪ್ಪಾ!" ಎಂದು ಹ್ಯಾಂಕ್ಸಮ್ಮ ಕಿರುಚಿದಳು. "ಈಗ ತಾನೇ ನೆಲ ಉಜ್ಜಿದ್ದೀನಿ. ನಿನ್ನ ಹೆಂಡ್ತಿ ಇದನ್ನೇ ಕಲಿಸಿದ್ದಾ?"

"ತಪ್ಪಾಯ್ತಮ್ಮಾ. ಅಲಬಾಮಾದ ಮಹನೀಯರು ಬೇಕಾಗಿತ್ತು. ಸದನದಿಂದ ಬಂದಿದ್ದೀನಿ."

ಬಡಕಲು ಮನುಷ್ಯನ ಕೈಯಿಂದ ಬಟ್ಟಲು ಜಾರಿ, ಬಟಾಣಿ ನೆಲದ ತುಂಬ ಉರುಳಿತು. ಮೂವರೂ ಬಗ್ಗಿ ಹೆಕ್ಕತೊಡಗಿದರು.

"ತಾವೇನಾ ಸ್ವಾಮಿ?" ಎಂದು ಒರಿನ್ ಮೇಜಿನ ಕೆಳಗಿನಿಂದಲೇ ಕೇಳಿದ.

"ನಾನಾ? ಅಯ್ಯೋ, ಎಲ್ಲಾದ್ರೂ ಉಂಟೇ!" ಎಂದ ಅವನು, ಹಾಲಿಗೆ ನೀರು ಬೆರೆಸಿದಂಥ ದನಿಯಲ್ಲಿ. "ನಾನು ವರ್ಮಾಂಟಿನವನಪ್ಪಾ. ಹೊಲಿಗೆ ಯಂತ್ರ ಮಾರ್ತೀನಿ."

ವರ್ಮಾಂಟ್ ಎಂದರೆ ಉತ್ತರದ ತುತ್ತತುದಿ. ಮನುಷ್ಯನ ಮಾತೂ ಅಲ್ಲಿಯದೇ, ಪದಪದವೂ ಚಳಿಗೆ ನಡುಗಿದಂತೆ ಗಿಡ್ಡಕ್ಕೆ ಬೀಳುತ್ತಿತ್ತು. ಇವನು ಅಲಬಾಮಾದವನಾದರೆ ನಾನು ರಷ್ಯಾದ ರಾಣಿ ಎಂದುಕೊಂಡ ಒರಿನ್.

"ಅಲಬಾಮಾದವರು ಬೇಕಾದ್ರೆ ಮಹಡಿಗೆ ಹೋಗು" ಎಂದಳು ಹ್ಯಾಂಕ್ಸಮ್ಮ, ಬಡಕಲು ಮನುಷ್ಯನ ಮುಖ ನೋಡಿ, ಹಿಟ್ಟನ್ನು ಒಂದು ಸಲ ಗುದ್ದಿ. "ಕರ್ನಲ್ ಮೇಬ್ರಿ ಅಂತ. ದಿನಾ ಬೆಳಿಗ್ಗೆ ನನ್ನ ಬಿಸ್ಕತ್ತು ಕಲ್ಲು ಅಂತಾರೆ, ಆರು ತಿಂತಾರೆ. ಕರ್ಕೊಂಡ್ಹೋಗು, ಪುಣ್ಯ ಬರತ್ತೆ. ಈ ಮನುಷ್ಯ ಪಾಪ, ನಾ ಕೇಳದೇನೇ ಬಟಾಣಿ ಸುಲೀತಾನೆ. ಇವನ ತಂಟೆಗೆ ಹೋಗಬೇಡ."

ಮಹಡಿಯ ಜಗಲಿಯಲ್ಲಿ ಕರ್ನಲ್ ಮೇಬ್ರಿ ಅಗಲ ಟೋಪಿಯಡಿಯಲ್ಲಿ ಕೂತು ಪುದೀನ ಹಾಕಿದ ವಿಸ್ಕಿ ಕುಡಿಯುತ್ತಿದ್ದರು. ಒಂದು ಮಾತು ಆಡಿ ಮುಗಿಸುವಷ್ಟರಲ್ಲಿ ಒಲೆಯ ಮೇಲಿನ ಅನ್ನ ಬೇಯಬಹುದು, ಅಂಥ ಎಳೆತ. ಅಲಬಾಮಾ ಎಂಬುದು ಮನುಷ್ಯ ರೂಪ ತಾಳಿದರೆ ಹೀಗೇ ಇರುತ್ತದೆ ಎಂದು ಒರಿನ್‌ಗೆ ಖಾತ್ರಿಯಾಯಿತು. ಆದರೂ ಎರಡು ಸಲ ಕೇಳಿಕೊಂಡ.

"ತಾವು ಅಲಬಾಮಾದ ಸದಸ್ಯರು ತಾನೇ ಸ್ವಾಮಿ?"

ಕರ್ನಲ್ಲರು ನಿಧಾನವಾಗಿ ಎದ್ದು ನಿಂತರು. "ಏನು ಪ್ರಶ್ನೆ ಅದು! ದೇವರ ಸಾಕ್ಷಿಯಾಗಿ, ನನ್ನ ಜನರ ಸಾಕ್ಷಿಯಾಗಿ, ಆ ಕ್ಷೇತ್ರದ ಸದಸ್ಯ ನಾನೇ. ಬೇರೆ ಯಾರೋ ಅಂತ ನಿನಗೆ ಯಾರು ಹೇಳಿದ್ರು?"

"ಯಾರೂ ಹೇಳಿಲ್ಲ ಸ್ವಾಮಿ. ತಮ್ಮನ್ನ ಬಂಧಿಸಬೇಕಂತ ಅಪ್ಪಣೆ ಆಗಿದೆ. ಹೇಳದೆ ಕೇಳದೆ ಗೈರುಹಾಜರಾಗಿದ್ದಕ್ಕೆ."

ಕರ್ನಲ್ಲರ ಕಣ್ಣು ಅಗಲವಾಯಿತು. ಆಮೇಲೆ ಅವರ ಮುಖದ ಮೇಲೆ, ಗಂಡುಮಗು ಹುಟ್ಟಿತು ಎಂದು ಕೇಳಿದವರ ಹಾಗೆ, ಒಂದು ಕಳೆ ಬಂತು. "ಸದಸ್ಯ ಅಂತ ಬಂಧಿಸ್ತಾರಾ? ನನ್ನನ್ನ?" ಎಂದರು. ಲೋಟವನ್ನು ಒಂದೇ ಗುಟುಕಿಗೆ ಖಾಲಿ ಮಾಡಿ, ಎರಡೂ ಕೈ ಮುಂದೆ ಚಾಚಿದರು. "ಹಿಡ್ಕೊಳಪ್ಪಾ. ಗಟ್ಟಿಯಾಗಿ ಹಿಡ್ಕೋ. ದಾರೀಲಿ ಎಲ್ರಿಗೂ ಕಾಣಲಿ."

ಬಂಧನಕ್ಕೆ ಇಷ್ಟು ಸಂತೋಷಪಟ್ಟವರನ್ನು ಒರಿನ್ ನೋಡಿರಲಿಲ್ಲ. ಗಾಡಿಯಲ್ಲಿ ಟಾಲಿವರ್ ಒಮ್ಮೆ ತಿರುಗಿ ಕರ್ನಲ್ಲರ ಮುಖ ನೋಡಿದ.

"ಸ್ವಾಮಿ, ಇವರೇನಾ ನಮ್ಮ ಮಕ್ಕಳ ಶಾಲೆಗೆ ಹೌದು ಅನ್ನೋವ್ರು?"

"ಪಕ್ಷ ಅವರದು, ಲೆಕ್ಕ ಅವರದು. ನಮಗ್ಯಾಕೆ? ಓಡಿಸು!" ಎಂದ ಒರಿನ್.

"ಓಡಿಸ್ತೀನಿ. ಆದ್ರೆ ಈ ಮುಖದ ಬಾಯಿಂದ ಆ ಮಾತು ಬರತ್ತೆ ಅಂತ ನನ್ನ ಕುದುರೆ ಕೂಡ ನಂಬಲ್ಲ."

ಒರಿನ್ ಕೇಳಿಸಿಕೊಳ್ಳಲಿಲ್ಲ. ಅವನ ಕಣ್ಣ ಮುಂದೆ ನೆಲಮಹಡಿಯ ಕೋಣೆಯೂ ಕಿಟಕಿಯ ಹತ್ತಿರ ಒಂದು ತೊಟ್ಟಿಲೂ ತೂಗುತ್ತಿದ್ದವು.

ಸದನದಲ್ಲಿ ಕರ್ನಲ್ಲರನ್ನು ಸ್ಪೀಕರರ ಎದುರು ನಿಲ್ಲಿಸಿದಾಗ ಯಾರೂ ಸರಿಯಾಗಿ ತಲೆಯೆತ್ತಲಿಲ್ಲ. ಎಲ್ಲರೂ ಬೆವರಿ ಬೆಂದು ಬೀಸಣಿಗೆ ಬೀಸಿಕೊಳ್ಳುತ್ತಿದ್ದರು. ಅಲಬಾಮಾದ ಉಳಿದ ಸದಸ್ಯರೂ ಹೋದ ವಾರವಷ್ಟೇ ಬೇರೆ ಬೇರೆ ರೈಲಿನಲ್ಲಿ ಬಂದಿಳಿದವರು, ಒಬ್ಬರ ಮುಖ ಒಬ್ಬರಿಗೆ ಇನ್ನೂ ಗೊತ್ತಾಗಿರಲಿಲ್ಲ. ಡೆಮಾಕ್ರಟರ ಮೂಲೆಯಲ್ಲಿ ಮಾತ್ರ ಯಾಕೋ ಮೊಣಕೈ ತಿವಿದಾಟ ಶುರುವಾಯಿತು.

"ಅಲಬಾಮಾದ ಮಹನೀಯರೇ, ಅನುಮತಿಯಿಲ್ಲದೆ ಗೈರುಹಾಜರಾದದ್ದಕ್ಕೆ ತಮ್ಮ ಸಮಜಾಯಿಷಿ ಏನು?"

"ಏನೂ ಇಲ್ಲ ಸ್ಪೀಕರ್ ಸಾಹೇಬರೇ" ಎಂದರು ಕರ್ನಲ್ಲರು ಎದೆಯುಬ್ಬಿಸಿ. "ತಪ್ಪು ನನ್ನದೇ. ದಂಡ ಹಾಕಿ. ಬೇಕಾದರೆ ಎರಡರಷ್ಟು ಹಾಕಿ."

ಸದನ ಬೆರಗಾಯಿತು. ಆ ಜಾಗದಲ್ಲಿ ನಿಂತವರೆಲ್ಲ ಇಷ್ಟು ದಿನ ಜ್ವರ, ಅತ್ತೆಯ ಅಂತ್ಯಕಾಲ, ತಪ್ಪಿಹೋದ ರೈಲು ಎಂದೇ ಹೇಳಿದ್ದರು. ರಿಪಬ್ಲಿಕನ್ನರೇ ಮೇಜು ಕುಟ್ಟಿ ಶಹಬಾಸ್ ಎಂದರು. ದಂಡ ಹಾಕಬೇಕೇ ಎಂದು ಸ್ಪೀಕರ್ ಕೇಳಿದ್ದಕ್ಕೆ ಇಡೀ ಸದನ ಒಂದೇ ದನಿಯಲ್ಲಿ 'ಹೌದು' ಎಂದಿತು. ಸುತ್ತಿಗೆ ಬಿತ್ತು. ಕರ್ನಲ್ಲರು ಅಲ್ಲೇ ದಂಡ ಕಟ್ಟಿ, ರಸೀದಿ ಕೇಳಿ ಪಡೆದು, ಅದಕ್ಕೆ ಮುತ್ತಿಟ್ಟರು.

ಆಗ ಡೆಮಾಕ್ರಟರ ಮುದಿ ನಾಯಕರೊಬ್ಬರು ಎದ್ದರು.

"ಸ್ಪೀಕರ್ ಸಾಹೇಬರೇ, ಒಂದು ಸಣ್ಣ ಸಂದೇಹ. ಅಲಬಾಮಾದ ಈ ಕ್ಷೇತ್ರಕ್ಕೆ ಕರ್ನಲ್ ಮೇಬ್ರಿ ಅವರೂ ಎಜ್ರಾ ಪೆಲ್ಟನ್ ಎಂಬವರೂ ಇಬ್ಬರೂ ತಾವೇ ಗೆದ್ದೆವೆಂದು ಹೇಳುತ್ತಿದ್ದರು. ಯುದ್ಧ ಮುಗಿದ ಮೇಲೆ ವರ್ಮಾಂಟಿನಿಂದ ಅಲ್ಲಿಗೆ ಹೋಗಿ ಚುನಾವಣೆಗೆ ನಿಂತ ಪೆಲ್ಟನ್ನರನ್ನೇ ಸದನ ಹೋದ ವಾರ ಕೂರಿಸಿತು. ಕರ್ನಲ್ಲರ ದೂರು ಸಮಿತಿಯ ಮುಂದೆ ಕೊಳೆಯುತ್ತಿತ್ತು. ಈಗ ಸದನವೇ ಒಕ್ಕೊರಲಿನಿಂದ ಕರ್ನಲ್ಲರಿಗೆ ಗೈರುಹಾಜರಿಯ ದಂಡ ಹಾಕಿದೆ. ಸದಸ್ಯರಲ್ಲದವರು ಗೈರುಹಾಜರಾಗುವುದು ಹೇಗೆ ಸಾಧ್ಯ ಎಂದು ಮಹನೀಯರು ಯಾರಾದರೂ ನನಗೆ ತಿಳಿಸಿಕೊಡುವಿರಾ?"

ಬೀಸಣಿಗೆಗಳು ನಿಂತವು.

ಬಾಗಿಲ ಬಳಿ ನಿಂತಿದ್ದ ಒರಿನ್‌ಗೆ ಏಪ್ರನ್ ಕಟ್ಟಿಕೊಂಡ ವರ್ಮಾಂಟಿನ ಮನುಷ್ಯ ಥಟ್ಟನೆ ನೆನಪಾದ. ಕಾಲ ಕೆಳಗಿನ ಚಪ್ಪಡಿ ಕೆಸರಾದಂತೆ ಅನ್ನಿಸಿತು.

ಮುಂದೆ ಎರಡು ಗಂಟೆ ಕೂಗಾಟ. ದಂಡ ವಾಪಸು ಕೊಡೋಣ ಎಂದರು ಕೆಲವರು. "ರಸೀದಿ ಕೊಡುವುದಿಲ್ಲ" ಎಂದರು ಕರ್ನಲ್ಲರು. ದಕ್ಷಿಣದ ದಂಗೆಯಲ್ಲಿ ಕೈಹಾಕಿದವರು ಪ್ರಮಾಣವಚನ ತೆಗೆದುಕೊಳ್ಳುವಂತಿಲ್ಲ ಎಂದರು ಇನ್ನೊಬ್ಬರು. ಕರ್ನಲ್ಲರು ಬೈಬಲ್ ಮೇಲೆ ಕೈಯಿಟ್ಟು, ತಾವು ಹೆಸರಿಗಷ್ಟೇ ಕರ್ನಲ್, ಯುದ್ಧದುದ್ದಕ್ಕೂ ಮಂಡಿನೋವಿನಿಂದ ಮಲಗಿದ್ದವರು, ಬಂದೂಕು ಇರಲಿ, ಬೆತ್ತವನ್ನೂ ಎತ್ತಲಾಗುತ್ತಿರಲಿಲ್ಲ ಎಂದು ಸಂತೋಷದಿಂದ ಪ್ರಮಾಣ ಮಾಡಿದರು. ಕೊನೆಗೆ ಸ್ಪೀಕರ್ ಹಣೆ ಒರೆಸಿಕೊಂಡು ತೀರ್ಪು ಕೊಟ್ಟರು. ಸದನ ಒಕ್ಕೊರಲಿನಿಂದ ಮಾಡಿದ್ದು ತಪ್ಪಾಗಿರಲು ಸಾಧ್ಯವಿಲ್ಲ. ಆದ್ದರಿಂದ ದಂಡ ಕಟ್ಟಿದವರೇ ಸದಸ್ಯರು. ತಪ್ಪಾಯಿತೆಂದು ಹೇಳುವುದಕ್ಕಿಂತ ಒಂದು ಕಾನೂನನ್ನು ಕಳೆದುಕೊಳ್ಳುವುದು ಅವರಿಗೆಲ್ಲ ಸುಲಭವಾಗಿ ಕಂಡಿತು.

ಕರ್ನಲ್ಲರು ತಮ್ಮ ಮೊದಲ ಮತ ಹಾಕಿದರು. "ಇ...ಲ್ಲ" ಎಂದು ಎಳೆದು ಹೇಳಿ ಮುಗಿಸುವಷ್ಟರಲ್ಲಿ ಶಾಲೆಗಳ ಮಸೂದೆ ಬಿದ್ದುಹೋಗಿತ್ತು.

ಹೊರಗೆ ಮೆಟ್ಟಿಲ ಮೇಲೆ ಟಾಲಿವರ್ ಸುದ್ದಿ ಕೇಳಿ, ಇಳಿದು ಕುದುರೆಯ ಹತ್ತಿರ ಹೋದ. ಆಮೇಲೆ, "ನಾನೇ ತಂದು ಇಳಿಸಿದ್ನಲ್ಲ ಸ್ವಾಮಿ ಅವನನ್ನ" ಎಂದ. "ಅದೂ ಓಡಿಸ್ಕೊಂಡು." ಕುದುರೆಯ ಬೆನ್ನು ತಟ್ಟಿ ಗಾಡಿ ಹತ್ತಿದ. "ಹುಡುಗೀರಿಗೆ ಏನಂತ ಹೇಳ್ಲಿ? ಸದನ ಭಾಳ ಶಿಸ್ತಿನ ಜಾಗ, ಬರದೇ ಇದ್ದೋರಿಗೆ ದಂಡ ಹಾಕ್ತಾರೆ ಅಂತ ಹೇಳ್ಲಾ?"

ಗಾಡಿ ಹೊರಟುಹೋಯಿತು. ಹಿಂದಿನಿಂದ ಗ್ರಿಮ್ಶಾ ಬಂದ. ಬೈಗುಳಕ್ಕೆ ಒರಿನ್ ತಲೆ ಬಗ್ಗಿಸಿದ. ಆದರೆ ಮಾರ್ಷಲ್ ಬೈಯಲಿಲ್ಲ, ಅವನ ದನಿ ಮೆತ್ತಗಿತ್ತು. ಒರಿನ್‌ಗೆ ಅದರಿಂದಲೇ ಹೆಚ್ಚು ಹೆದರಿಕೆಯಾಯಿತು.

"ನೋಡಪ್ಪಾ, ನಿನ್ನ ತಪ್ಪು ಅಂತ ನಾನು ಹೇಳಲ್ಲ. ಆದ್ರೆ ಪಾಪ, ಆ ಪೆಲ್ಟನ್ ಸಾಹೇಬ್ರು ಸೀಟು ಕಳ್ಕೊಂಡ್ರು. ಪಕ್ಷಕ್ಕೆ ದುಡಿದವರು, ಅವರನ್ನ ಬೀದಿಗೆ ಬಿಡೋಕಾಗತ್ತಾ? ಎಲ್ಲಾದ್ರೂ ಒಂದು ಜಾಗ ಮಾಡಿಕೊಡಿ ಅಂತ ಮೇಲಿನಿಂದ ಹೇಳಿದ್ದಾರೆ. ಹುಡುಕಿದ್ವಿ. ಕಾಯಂ ಅಲ್ಲದ್ದು ಅಂತ ಇದ್ದಿದ್ದು ಒಂದೇ ಜಾಗ."

"ಯಾವುದು ಸಾರ್?"

"ನಿನ್ನದು."

"ಅಲ್ಲಿ ನಾನಿದ್ದೀನಲ್ಲ ಸಾರ್!"

"ಇದ್ದೆ" ಎಂದು ಗ್ರಿಮ್ಶಾ ಅವನ ಭುಜ ತಟ್ಟಿ ಹೋದ.

ಒರಿನ್ ಕಾಲೆಳೆಯುತ್ತ ತನ್ನ ಬಾಗಿಲಿಗೆ ಬಂದ. ಲವೀನಾ ಕಟ್ಟಿಕೊಟ್ಟಿದ್ದ ಊಟದ ಡಬ್ಬಿ ಒಳಗಿನ ಮೊಳೆಯಲ್ಲಿ ತೂಗುತ್ತಿತ್ತು. ಬೆಳಗಿನಿಂದ ಅದನ್ನು ಬಿಚ್ಚಲು ಹೊತ್ತೇ ಸಿಕ್ಕಿರಲಿಲ್ಲ. ಅದನ್ನಾದರೂ ತೆಗೆದುಕೊಂಡು ಹೋಗೋಣ ಎಂದು ಹೊಸ್ತಿಲ ಮೇಲೆ ಕಾಲಿಟ್ಟ.

ಒಂದು ಬಡಕಲು ಕೈ ಅಡ್ಡ ಬಂತು. ಎಜ್ರಾ ಪೆಲ್ಟನ್ ಬಾಗಿಲಿಗೆ ಬೆನ್ನು ಕೊಟ್ಟು ನೆಟ್ಟಗೆ ನಿಂತಿದ್ದ. ಯಾವ ಮತವನ್ನೂ ಹಾಕಬೇಕಿಲ್ಲದ ನೆಮ್ಮದಿಯಿಂದ ಅವನ ಕೆನ್ನೆಗೆ ರಕ್ತ ಬಂದಿತ್ತು.

"ಕ್ಷಮಿಸಬೇಕಪ್ಪಾ" ಎಂದ ಅವನು ತುಂಬ ಮರ್ಯಾದೆಯಿಂದ. "ಸದಸ್ಯರಲ್ಲದವರನ್ನ ಒಳಗೆ ಬಿಡಬಾರದು ಅಂತ ಅಪ್ಪಣೆ ಆಗಿದೆ."