ವಿಮಾನದ ಕಿವಿ

ಅಷ್ಟು ದೊಡ್ಡ ವಿಮಾನದಲ್ಲಿ ಎರ್ರಿಸ್ವಾಮಿಯ ಮಾನ ಕಳೆದದ್ದು ಸೂಜಿ ತೂರುವಷ್ಟು ಸಣ್ಣ ಎರಡು ತೂತುಗಳು.

ಸಿರುಗುಪ್ಪದಲ್ಲಿ ಪಂಪ್‌ಸೆಟ್ಟು, ಟ್ರ್ಯಾಕ್ಟರು ರಿಪೇರಿ ಮಾಡಿಕೊಂಡಿದ್ದ ಎರ್ರಿಸ್ವಾಮಿ ಕೈಯಾರೆ ಒಂದು ವಿಮಾನ ಕಟ್ಟಿದ್ದ. ಎಂಜಿನ್ನು ಯಾವುದೋ ಕಾಲದ ಮೋಟಾರು ಕಾರಿನದು, ಗಾಲಿಗಳು ಸ್ಕೂಟರಿನವು, ಎತ್ತರ ತೋರಿಸುವ ಮೀಟರು ಬಳ್ಳಾರಿಯ ಗುಜರಿ ಅಂಗಡಿಯದು. ಹಾರಿಸುವುದನ್ನು ಎಲ್ಲಿ ಕಲಿತೆ ಎಂದು ಯಾರಾದರೂ ಕೇಳಿದರೆ, "ನೀವು ಈಜು ಎಲ್ಲಿ ಕಲ್ತ್ರಿ? ನಾಲಿಯಾಗ ಬಿದ್ದಲ್ಲೇನು?" ಎನ್ನುತ್ತಿದ್ದ.

ವಿಮಾನ ಅವನದಾದರೂ ಅದು ನಿಂತ ಜಾಗ ಅವನದಲ್ಲ. ಅದು ಮಾವ ಗಾದಿಲಿಂಗಪ್ಪನವರ ಅಕ್ಕಿ ಮಿಲ್ಲಿನ ಗೋದಾಮು. ಎರಡನೇ ಬೆಳೆಯ ಭತ್ತ ಕಣಕ್ಕೆ ಬಂದಿತ್ತು. ಮಾವ ಬೆಳಿಗ್ಗೆಯೇ ಬಂದು, ಹೆಗಲ ಮೇಲಿನ ಟವೆಲ್ಲು ಕೊಡವಿ, ತೀರ್ಪು ಹೇಳಿದರು.

"ನೋಡ್ರಿ ಅಳಿಯಂದ್ರ, ಇವತ್ತು ಹೊತ್ತು ಮುಳುಗೋದ್ರೊಳಗ ಇದು ನನ್ನ ಕೂಡಿಸ್ಕೊಂಡು ನೂರು ಅಡಿ ಏರಲಿ. ಗೋದಾಮು ನಿಮ್ದ. ಭತ್ತ ನಾನು ಬಯಲಾಗ ಒಟ್ಟಿಸ್ತೀನಿ. ಏರಲಿಲ್ಲಾ, ನಾಳೆ ಗುಜರಿಯವನ ಬಂಡಿ ಬರ್ತೈತಿ."

"ನೂರು ಯಾಕ ಮಾವಾರ, ಇನ್ನೂರು ಏರ್ತೈತಿ!" ಎಂದ ಎರ್ರಿಸ್ವಾಮಿ.

ಉಳಿದಿದ್ದ ಕೆಲಸ ಒಂದೇ. ವಿಮಾನದ ಎರಡೂ ಪಕ್ಕೆಗೆ ಒಂದೊಂದು ಸಣ್ಣ ತೂತು ಬೇಕು. ಆ ತೂತಿನಿಂದ ಹೊರಗಿನ ಗಾಳಿ ರಬ್ಬರ್ ಕೊಳವೆಯ ಮೂಲಕ ಮೀಟರಿಗೆ ಮುಟ್ಟಬೇಕು. ಮೇಲೇರಿದಂತೆ ಗಾಳಿ ತೆಳುವಾಗುತ್ತದೆ, ಆ ಸುದ್ದಿ ತಿಳಿದ ಮುಳ್ಳು ಇಷ್ಟು ಅಡಿ ಎಂದು ತೋರಿಸುತ್ತದೆ. ತೂತಿನ ಅಂಚು ಒಂಚೂರು ಒರಟಾಗಿದ್ದರೂ ಮುಳ್ಳು ಸುಳ್ಳು ಹೇಳುತ್ತದೆ. ಅಷ್ಟು ನಯವಾದ ತೂತು ಟ್ರ್ಯಾಕ್ಟರಿನ ಡ್ರಿಲ್ಲಿಗೆ ಒಗ್ಗುವ ಕೆಲಸವಲ್ಲ. ಎರ್ರಿಸ್ವಾಮಿ ಚಿನ್ನಬೆಳ್ಳಿ ಕೆಲಸದ ಪತ್ತಾರನ ಹತ್ತಿರ ಹೋಗಿ ಎರಡು ಹಿತ್ತಾಳೆ ಗುಂಡಿ ಮಾಡಿಸಿ, ನಡುವೆ ತೂತು ಕೊರೆಸಿಕೊಂಡ.

ಬರುವಾಗ ಚಹಾದ ಅಂಗಡಿಯ ಸುಂಕಣ್ಣ ತಡೆದ. "ಏನ್ರಿ ಸ್ವಾಮಿ, ಮುಂಜಾನಿ ಮುಂಜಾನಿ ಪತ್ತಾರನ ಮನಿಗೆ? ಯಾರ ಕಿವಿ ಚುಚ್ಚಸಾಕ?"

ಎರ್ರಿಸ್ವಾಮಿ ಅಂಗೈಯಲ್ಲಿದ್ದ ಗುಂಡಿಗಳನ್ನು ಕುಣಿಸಿ, "ವಿಮಾನದ್ದು!" ಎಂದು ನಗುತ್ತ ನಡೆದ.

ಆ ನಗೆಮಾತು ಅವನಿಗಿಂತ ಮೊದಲೇ ಓಣಿ ಸೇರಿತು.

ಗೋದಾಮಿನಲ್ಲಿ ಸೀಟಿನ ಹಿಂದೆ ಆಚೆಗೊಂದು ಈಚೆಗೊಂದು ಗುಂಡಿಯನ್ನು ತಗಡಿಗೆ ಸಮನಾಗಿ ಕೂರಿಸಿದ. ಆಗ ತಾನೇ ನಿದ್ದೆ ಹತ್ತಿದ ಕೂಸನ್ನು ತೊಟ್ಟಿಲಿಗೆ ಹಾಕುವ ಹಾಗೆ, ಉಸಿರು ಬಿಗಿಹಿಡಿದು ಕೊಳವೆ ಜೋಡಿಸಿದ. ಮುಳ್ಳನ್ನು ಸೊನ್ನೆಗೆ ತಂದ. ಇನ್ನು ಪರೀಕ್ಷೆ. ಹೆಂಡತಿ ಕೊಟ್ರಮ್ಮನನ್ನು ಕರೆದು, "ಆ ಕಡೆ ತೂತಿಗೆ ಬೆಟ್ಟು ಒತ್ತಿ ಹಿಡಿ," ಎಂದು, ಈ ಕಡೆಯ ಗುಂಡಿಗೆ ತುಟಿ ಹಚ್ಚಿ ಮೆಲ್ಲಗೆ ಗಾಳಿ ಎಳೆದ. ಮುಳ್ಳು ಚಕ್ಕನೆ ಏರಿತು. ಬಿಟ್ಟ. ಸೊನ್ನೆಗೆ ಇಳಿಯಿತು.

"ಹೆಂಗೈತಿ?" ಎಂದು ಮೀಸೆ ತಿರುವಿದ.

"ಬಾಗಲಾಗ ನೋಡ್ರಿ," ಎಂದಳು ಕೊಟ್ರಮ್ಮ.

ಬಾಗಿಲ ತುಂಬ ಹೆಂಗಸರು. "ಕಿವ್ಯಾಗ ಹೆಸರು ಊದಾಕ್ಹತ್ಯಾನ!" ಎಂದಳು ಒಬ್ಬಳು. "ಏನು ಹೆಸರಿಟ್ಟಿಯಪ್ಪಾ? ಗಂಡೋ ಹೆಣ್ಣೋ?" ಎಂದಳು ಇನ್ನೊಬ್ಬಳು. "ಕಿವಿ ಚುಚ್ಚೋವಾಗ ಸೋದರಮಾವನ ತೊಡಿ ಮ್ಯಾಲ ಕೂಡಿಸ್ಬೇಕು. ಇದರ ಸೋದರಮಾವ ಎಲ್ಲದಾನ? ಅವನ ತೊಡಿ ತಡೀತೈತೇನು?"

ಅವರ ಮುಂದೆ ಪಕ್ಕದ ಮನೆಯ ವೀರಭದ್ರಮ್ಮ. ಓಣಿಯ ಯಾವ ಮಗುವಿನ ಕಿವಿ ಚುಚ್ಚಲಿ, ಮೂಗು ಚುಚ್ಚಲಿ, ಆಮೇಲಿನ ಆರೈಕೆ ಆ ಮುದುಕಿಯದೇ. ಸೆರಗಿನಡಿ ಒಂದು ಬಟ್ಟಲಿತ್ತು.

"ಚುಚ್ಚಿಬಿಟ್ರ ಮುಗೀಲಿಲ್ಲಪ್ಪಾ ಎರ್ರಿಸ್ವಾಮಿ. ನೋಡ್ಕೊಬೇಕು."

"ನೋಡ್ಕೊ ದೊಡ್ಡಮ್ಮ, ನಿನ್ನ ಮೊಮ್ಮಗಳಂತ ತಿಳ್ಕೊಂಡು ನೋಡ್ಕೊ," ಎಂದು ನಗುತ್ತ ಎರ್ರಿಸ್ವಾಮಿ ಊಟಕ್ಕೆ ಹೋದ. ಗೆದ್ದವನ ಊಟ. ರೊಟ್ಟಿ ಮುರಿದದ್ದೆಷ್ಟೋ, ಚಟ್ನಿಪುಡಿ ಕಲಸಿದ್ದೆಷ್ಟೋ.

ಬಿಸಿಲು ತುಸು ಇಳಿದ ಮೇಲೆ ಹತ್ತಾರು ಜನ ವಿಮಾನವನ್ನು ತಳ್ಳಿಕೊಂಡು ಹಚ್ಚೊಳ್ಳಿ ರಸ್ತೆಯ ಪಕ್ಕದ ಎರೆಹೊಲಕ್ಕೆ ತಂದರು. ಗಾದಿಲಿಂಗಪ್ಪನವರು ವಿಭೂತಿ ಬಳಿದುಕೊಂಡು, ಧೋತರ ಬಿಗಿದು, ಸೀಟಿನಲ್ಲಿ ಕುಳಿತರು. ಅವರ ಮುಖ ಹಲ್ಲು ಕೀಳಿಸಿಕೊಳ್ಳಲು ಕೂತವರ ಹಾಗಿತ್ತು.

"ಮಾವಾರ, ಹೊರಗ ನೋಡಬ್ಯಾಡ್ರಿ, ತಲಿ ತಿರುಗ್ತೈತಿ," ಎಂದ ಎರ್ರಿಸ್ವಾಮಿ. "ಈ ಮುಳ್ಳು ಒಂದು ನೋಡ್ಕೊಂತ ಕೂಡ್ರಿ. ಕಣ್ಣು ಸುಳ್ಳು ಹೇಳಬಹುದು, ಮುಳ್ಳು ಹೇಳಂಗಿಲ್ಲ."

"ಮುಳ್ಳು ನೋಡೋದು ನನಗ ಕಲಿಸ್ತೀರೇನು?" ಎಂದರು ಮಾವ. ಮಿಲ್ಲಿನ ತಕ್ಕಡಿಯ ಮುಳ್ಳು ನೋಡಿಯೇ ಅವರ ಗಡ್ಡ ಬೆಳ್ಳಗಾಗಿತ್ತು.

ಎಂಜಿನ್ನು ಗುಡುಗಿತು. ಬೇಸಿಗೆಯ ಎರೆಮಣ್ಣಿನ ಧೂಳು ಗೋಡೆಯ ಹಾಗೆ ಎದ್ದು ನಿಂತಿತು. ಆ ಸದ್ದಿಗೆ ಅಲ್ಲಿ ಮೇಯುತ್ತಿದ್ದ ಎಮ್ಮೆಗಳು ದಿಕ್ಕಾಪಾಲಾದವು. ನೋಡಲು ಬಂದವರಲ್ಲಿ ಅರ್ಧ ಜನ ಎಮ್ಮೆಗಳ ಹಿಂದೆ ಓಡಿದರು, ಉಳಿದರ್ಧ ಕಣ್ಣು ಉಜ್ಜಿಕೊಳ್ಳುತ್ತ ನಿಂತರು. ವಿಮಾನ ನಾಲ್ಕು ಸಲ ಕುಪ್ಪಳಿಸಿ, ಐದನೆಯದಕ್ಕೆ ನೆಲ ಬಿಟ್ಟಿತು.

ಎರ್ರಿಸ್ವಾಮಿ ಹಾರಿದ! ಜಾಲಿ ಮರಗಳು ಕೊತ್ತಂಬರಿ ಕಟ್ಟಿನಷ್ಟಾದವು. ನಾಲೆ ದಾಟಿ, ಅಗಲವಾಗಿ ತಿರುಗಿ, ಮತ್ತೆ ನಾಲೆ ದಾಟಿ, ಎದ್ದ ಧೂಳಿನೊಳಗೇ ಇಳಿದ. ಹೊರಗೆ ನೋಡುವುದರಲ್ಲೇ ಮೈಮರೆತಿದ್ದ ಅವನಿಗೆ ಮೀಟರಿನ ನೆನಪೇ ಆಗಲಿಲ್ಲ. ಅದನ್ನು ನೋಡಲು ಮಾವ ಇದ್ದರಲ್ಲ!

"ಎಷ್ಟು ಬಂತ್ರಿ ಮಾವಾರ?"

"ಸೊನ್ನಿ," ಎಂದರು ಗಾದಿಲಿಂಗಪ್ಪನವರು.

"ಏನು?"

"ಕೂಡೋವಾಗ ಸೊನ್ನಿ, ನಡುವ ಸೊನ್ನಿ, ಈಗೂ ಸೊನ್ನಿ. ರೆಪ್ಪಿ ಬಡೀಲಾರದ ನೋಡೀನಿ."

"ಮಾವಾರ, ನಾಲಿ ಮ್ಯಾಲೆ ಹೋಗಿ ಬಂದ್ವಿ! ಹೊಟ್ಟಿ ಬಾಯಿಗೆ ಬರಲಿಲ್ಲೇನು ನಿಮಗ?"

"ಬಂತು. ಹಚ್ಚೊಳ್ಳಿ ಬಸ್ಸಿನಾಗೂ ಬರ್ತೈತಿ."

ಎರ್ರಿಸ್ವಾಮಿ ಜನರ ಕಡೆ ತಿರುಗಿದ. ಸುಂಕಣ್ಣ, "ತಾಳೆಮರದಷ್ಟು ಎತ್ತರ ಹೋಗಿತ್ರಿ, ನಾ ನೋಡೀನಿ," ಎಂದ. ಎಮ್ಮೆ ಹಿಡಿದು ತಂದ ಜಂಬಣ್ಣ, "ಎಲ್ಲಿ ಎತ್ತರ? ಜಾಲಿಗಿಡದ ಹಿಂದ ಓಡಾಡಿ ಬಂತು," ಎಂದ. "ನಿನ್ನ ಕಣ್ಣಾಗ ಧೂಳಿತ್ತಲೇ!" "ನಿನ್ನ ಕಣ್ಣಾಗ ಇರಲಿಲ್ಲೇನಲೇ?" ಇಬ್ಬರೂ ಒಬ್ಬರ ಅಂಗಿ ಒಬ್ಬರು ಹಿಡಿದರು.

"ಜಗಳ ಯಾಕ?" ಎಂದರು ಮಾವ. "ಕಣ್ಣು ಸುಳ್ಳು ಹೇಳಬಹುದು, ಮುಳ್ಳು ಹೇಳಂಗಿಲ್ಲಂತ ಅಳಿಯಂದ್ರ ಹೇಳ್ಯಾರ."

ಎರ್ರಿಸ್ವಾಮಿ ಕೊಳವೆ ಜಗ್ಗಿ ನೋಡಿದ. ಮೀಟರಿನ ಗಾಜು ಬಡಿದ. ಎಲ್ಲಾ ಸರಿಯಾಗಿಯೇ ಇತ್ತು. ಅಷ್ಟರಲ್ಲಿ ಜನರ ನಡುವಿನಿಂದ ವೀರಭದ್ರಮ್ಮ ಬಟ್ಟಲು ಹಿಡಿದು ಬಂದಳು.

"ಸರಿಯಪ್ಪಾ, ಇನ್ನೊಮ್ಮೆ ಎಣ್ಣಿ ಹಚ್ತೀನಿ. ಮುಂಜಾನಿ ತೂತು ಮುಚ್ಚಿಕೊಳ್ಳಬಾರದಂತ ಬೇವಿನ ಕಡ್ಡಿ ಚುಚ್ಚಿ, ಎಣ್ಣಿ ಅರಿಶಿಣ ಮೆತ್ತಿದ್ದೆ. ಧೂಳು ಕುಂತಿರ್ತೈತಿ."

ಎರ್ರಿಸ್ವಾಮಿ ಓಡಿ ಹೋಗಿ ಪಕ್ಕೆ ನೋಡಿದ. ಹಿತ್ತಾಳೆ ಗುಂಡಿ, ಅದರ ನಡುವೆ ಅದೇ ಬಣ್ಣದ ಅರಿಶಿಣ, ಅದರೊಳಗೆ ಗುಂಡಿಗೆ ಸಮನಾಗಿ ಮುರಿದ ಬೇವಿನ ಕಡ್ಡಿ. ಅವನು ಸಿಟ್ಟಾಗಲಿಲ್ಲ. ಕುಣಿದುಬಿಟ್ಟ.

"ಸಿಕ್ತು ಮಾವಾರ, ಸಿಕ್ತು! ಗಾಳಿ ಒಳಗ ಹೋಗಿಲ್ಲ, ಮುಳ್ಳಿಗೆ ಸುದ್ದೀನ ಮುಟ್ಟಿಲ್ಲ!"

ಗಾದಿಲಿಂಗಪ್ಪನವರು ನ್ಯಾಯವಂತರು. ಕಡ್ಡಿಯನ್ನು ನೋಡಿದರು, ಸೂರ್ಯನನ್ನು ನೋಡಿದರು. "ಹೊತ್ತಿನ್ನೂ ಐತಿ. ಕಡ್ಡಿ ತಗೀರಿ, ಇನ್ನೊಂದು ಸಲ ಹೋಗೂಣು," ಎಂದು ಮತ್ತೆ ಸೀಟಿನಲ್ಲಿ ಕುಳಿತು, ಮುಳ್ಳಿನ ಮೇಲೆ ಕಣ್ಣು ನೆಟ್ಟರು.

ಎರ್ರಿಸ್ವಾಮಿ ಒಂದು ಕಡ್ಡಿ ಕಿತ್ತ. ಮುಳ್ಳು ನಡುಗಿತು. ಇನ್ನೊಂದು ಕಿತ್ತ. ಮುಳ್ಳು ಎದ್ದು, ಮೆಲ್ಲಗೆ ಏರಿ, ನೂರು ದಾಟಿ ನಿಂತುಕೊಂಡಿತು.

ಗಾದಿಲಿಂಗಪ್ಪನವರು ಮುಳ್ಳಿನಿಂದ ಕಣ್ಣು ತೆಗೆಯದೆ, ಒಂದು ಕಾಲನ್ನು ಹೊರಗೆ ಚಾಚಿ, ಹೆಬ್ಬೆರಳಿನಿಂದ ನೆಲವನ್ನು ಮುಟ್ಟಿ ನೋಡಿದರು.

"ಕೊಟ್ರವ್ವಾ," ಎಂದು ಮಗಳನ್ನು ಕರೆದರು, "ನಿಚ್ಚಣಿಕಿ ತರಿಸವ್ವಾ. ನೂರು ಅಡಿ ಮ್ಯಾಲ ಅದೀನಿ. ಇಳೀಬೇಕು."

"ಮಾವಾರ, ಮುಂಜಾನಿ ಗಾಳಿ ಭಾರ ಇರ್ತೈತಿ, ಸಂಜಿಗೆ ಹಗುರಾಗತೈತಿ! ನಾ ಸೊನ್ನಿಗೆ ಇಟ್ಟದ್ದು ಮುಂಜಾನಿ ಗಾಳಿಗೆ, ಅದು ಒಳಗ ಸಿಕ್ಕೊಂಡಿತ್ತು, ಈಗ ಸಂಜಿ ಗಾಳಿ..."

"ಅಳಿಯಂದ್ರ," ಎಂದರು ಮಾವ, ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಳ್ಳುತ್ತ. "ಹಾರಿದಾಗ ಸೊನ್ನಿ, ನಿಂತಾಗ ನೂರು. ಇಂಥ ತಕ್ಕಡಿ ಮಿಲ್ಲಿನಾಗ ಇಟ್ಕೊಂಡಿದ್ರ ನನ್ನ ಊರು ಬಿಡಿಸ್ತಿದ್ರು." ಜಂಬಣ್ಣನ ಕಡೆ ತಿರುಗಿ, "ಹೋಗಿ ಗುಜರಿಯವನಿಗೆ ಹೇಳಿ ಬಾ, ಮುಂಜಾನಿ ಬಂಡಿ ತರಾಕ," ಎಂದು ನಡೆದೇಬಿಟ್ಟರು.

ಜನ ಕರಗಿದರು. ಎರ್ರಿಸ್ವಾಮಿ ರೆಕ್ಕೆಯ ಕೆಳಗೆ ಕುಕ್ಕರುಗಾಲಲ್ಲಿ ಕುಳಿತ. ಅಂಗೈಯಲ್ಲಿ ಎರಡು ಬೇವಿನ ಕಡ್ಡಿಗಳಿದ್ದವು. ವೀರಭದ್ರಮ್ಮ ಬಂದು ಅದನ್ನು ನೋಡಿ, ಗಲ್ಲದ ಮೇಲೆ ಕೈಯಿಟ್ಟಳು.

"ಅಯ್ಯ ನನ್ನಪ್ಪಾ, ಹಸಿ ತೂತಿನಾಗಿಂದ ಕಡ್ಡಿ ಕಿತ್ತುಬಿಟ್ಟೆಲ್ಲೋ! ನಾಳಿಗೆ ಮುಚ್ಚಿಕೊಂತಾವ ನೋಡು."