ಒಂದು ಸಾಲಿನ ಕೆಲಸ

ಆ ಮಧ್ಯಾಹ್ನ ಹೂಂರಾಯರು ಕಂಪ್ಯೂಟರಿನಲ್ಲಿ ಫೈಲು ತಿದ್ದುವ ತಮ್ಮ ಹಳೆಯ ಎಡಿಟರಿನಲ್ಲೇ ಕೆಲಸ ಮುಗಿಸಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಯಾವುದೋ ಗಿರಾಕಿಯ ಸರ್ವರಿನ ಫೈಲಿನಲ್ಲಿ, ಒಂದು ಸಾಲಿನಲ್ಲಿ, 6 ಎಂದಿದ್ದುದನ್ನು ತಿದ್ದಿ 9 ಮಾಡಬೇಕು. ಅಷ್ಟೇ. ಯಾವ ಗಿರಾಕಿ, ಎಂಥ ಆರು ಎಂದು ಅವರು ಕೇಳಲಿಲ್ಲ. ಸಾಹೇಬರು ಹೇಳಿದರು, ಇವರು ಹೂಂ ಎಂದರು. ಆಫೀಸು ಅವರಿಗೆ ಆ ಹೆಸರಿಟ್ಟಿದ್ದು ಸುಮ್ಮನೆ ಅಲ್ಲ.

ಬೇಗ ಹೊರಡುವ ಆತುರ ಬೇರೆ ಇತ್ತು. ಸಂಜೆ ಮಗಳ ಶಾಲೆಯ ನಾಟಕ. ಅದರಲ್ಲಿ ಅವಳು ಚಂದ್ರ. ಕೊನೆಗೆ ಬಂದು ಒಂದೇ ಒಂದು ಮಾತು ಹೇಳಬೇಕು. ಹೋದ ವರ್ಷ ಅವಳು ಮರವಾಗಿದ್ದಾಗ ರಾಯರು ಆಫೀಸಿನಲ್ಲೇ ಇದ್ದರು. ಅದಕ್ಕೇ ಈ ಬೆಳಿಗ್ಗೆ ಅವಳು ಬಾಗಿಲಿಗೆ ಅಡ್ಡ ನಿಂತು ಆಣೆ ಹಾಕಿಸಿಕೊಂಡಿದ್ದಳು.

ಫೈಲು ತೆರೆಯುವಷ್ಟರಲ್ಲಿ ಪಕ್ಕದ ಮೇಜಿನ ಹಿರಿಯರು ಇಣುಕಿದರು. ಮೌಸ್ ಮುಟ್ಟುವುದೇ ಅವಮಾನ ಎನ್ನುವ ಮನುಷ್ಯ.

"ಏನಯ್ಯಾ, ಸರ್ವರ್ ನೋಡ್ಕೊಳ್ಳೋನು ಇನ್ನೂ ಈ ಎಡಿಟರಲ್ಲೇ ಒದ್ದಾಡ್ತಿದ್ದೀಯಾ? ಸರಿ, ನನ್ನದನ್ನ ಕಲಿ."

ಹೂಂ ಎಂದರು ರಾಯರು. ಹಿರಿಯರ ಕಪ್ಪು ತೆರೆಯ ಎಡಿಟರಿನಲ್ಲಿ 9 ಒತ್ತಿದರೆ 9 ಮೂಡಲಿಲ್ಲ. ಗಾಬರಿಯಲ್ಲಿ ಇನ್ನೇನೋ ಒತ್ತಿದರು, ಒಂಬತ್ತು ಸಾಲು ಮಾಯವಾದವು. ಅವನ್ನು ವಾಪಸು ತರುವಷ್ಟರಲ್ಲಿ ಎದುರು ಮೇಜಿನ ಮೇಡಂ ಎದ್ದು ಬಂದರು. ಇದೆಲ್ಲ ಅಜ್ಜನ ಕಾಲದ್ದು, ತಮ್ಮ ಎಡಿಟರು ತಪ್ಪನ್ನು ತಾನೇ ಹಿಡಿದು ತೋರಿಸುತ್ತದೆ ಎಂದರು. ರಾಯರು ಅದಕ್ಕೂ ಹೂಂ ಎಂದರು. ಅದು ಇಂಟರ್ನೆಟ್ಟಿನಿಂದ ಇಳಿಯುವುದಕ್ಕೇ ಯುಗ ಹಿಡಿಯಿತು. ಇಳಿದ ಮೇಲೆ ಯಾವ ಬಣ್ಣ ಬೇಕು, ಯಾವ ಅಕ್ಷರ ಬೇಕು ಎಂದು ಹೆಣ್ಣು ನೋಡಲು ಬಂದವರ ಹಾಗೆ ವಿಚಾರಿಸತೊಡಗಿತು. ಅಷ್ಟರಲ್ಲಿ ಹಿರಿಯರಿಗೂ ಮೇಡಂಗೂ ರಾಯರ ತಲೆಯ ಮೇಲೆಯೇ ಜಟಾಪಟಿ ಹತ್ತಿತ್ತು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎನ್ನುವುದು ಸುಳ್ಳಲ್ಲ.

ರಾಯರು ಗಡಿಯಾರ ನೋಡಿದರು, ನಾಟಕ ಶುರುವಾಗುವ ಹೊತ್ತು ಮೀರಿತ್ತು. ಒಂದು ಸಾಲು ತಾನೆ, ಎಲ್ಲಿ ಓಡಿಹೋಗುತ್ತದೆ, ನಾಳೆ ಮಾಡಿದರಾಯಿತು ಎಂದುಕೊಂಡು, ಬದುಕಿನಲ್ಲಿ ಮೊದಲ ಸಲ ಯಾರನ್ನೂ ಕೇಳದೆ ಎದ್ದು ಓಡಿದರು.

ಸಭಾಂಗಣಕ್ಕೆ ಬಂದಾಗ ಕೊನೆಯ ದೃಶ್ಯ ನಡೆಯುತ್ತಿತ್ತು. ಹೆಂಡತಿ ಕಾದಿಟ್ಟ ಕುರ್ಚಿಯಲ್ಲಿ ಏದುಸಿರು ಬಿಡುತ್ತಾ ಕೂತರು. ಬೆಳ್ಳಿ ಕಾಗದ ಸುತ್ತಿಕೊಂಡು ಚಂದ್ರ ಬಂದಳು. ಅಪ್ಪನನ್ನು ಕಂಡು ಅವಳ ಮುಖ ಅರಳಿತು. ಬಾಯಿ ತೆರೆದಳು.

ದೀಪಗಳೆಲ್ಲ ಒಮ್ಮೆಗೇ ನಂದಿದವು.

ಗವ್ವೆನ್ನುವ ಕತ್ತಲೆಯಲ್ಲಿ ಚಿಕ್ಕ ಮಕ್ಕಳು ಅಳತೊಡಗಿದರು. ಅದರ ನಡುವೆಯೇ ಒಂದು ಸಣ್ಣ ದನಿ, "ಹೆದರಬೇಡಿ, ನಾನು ಬಂದೆ" ಎಂದಿತು. ಜನ ಗೊಳ್ಳೆಂದು ನಕ್ಕರು.

ಮುಖ್ಯೋಪಾಧ್ಯಾಯಿನಿ ಮೊಬೈಲ್ ಬೆಳಕಿನಲ್ಲಿ ವೇದಿಕೆ ಹತ್ತಿ ಕ್ಷಮೆ ಕೇಳಿದರು. ಸಭಾಂಗಣದ ದೀಪಗಳನ್ನು ಕಂಪ್ಯೂಟರು ಆರು ಗಂಟೆಗೆ ತಾನಾಗಿಯೇ ನಂದಿಸುತ್ತದಂತೆ. ಇವತ್ತೊಂದು ದಿನ ಒಂಬತ್ತು ಮಾಡಿಕೊಡಿ ಎಂದು, ಅದನ್ನು ನೋಡಿಕೊಳ್ಳುವ ಕಂಪನಿಗೆ ಬೆಳಿಗ್ಗೆಯೇ ಹೇಳಿದ್ದರಂತೆ. ಒಂದೇ ಸಾಲಿನ ಕೆಲಸವಂತೆ.

ಮನೆಯ ದಾರಿಯಲ್ಲಿ ಬೆಳ್ಳಿ ಕಾಗದ ಅಲ್ಲಲ್ಲಿ ಹರಿದಿದ್ದ ಚಂದ್ರ ಅಪ್ಪನ ಬೆರಳು ಹಿಡಿದಳು.

"ಅಪ್ಪಾ, ಆ ಕೆಲಸ ನಿನಗೆ ಹೇಳಿದ್ರೆ ತಕ್ಷಣ ಮಾಡಿಕೊಡ್ತಿದ್ದೆ, ಅಲ್ವಾ?"

ಹೂಂ ಎಂದರು ರಾಯರು.